ಹರುನಾದ 5 ತಿರುವು, ಆಗುಂಬೆಯ 14 ತಿರುವು

ಜಪಾನಿನ ಒಂದು ಬೆಟ್ಟದ ರಸ್ತೆ ನನಗೆ ಅಲ್ಲಿಗೆ ಹೋಗುವ ಮೊದಲೇ ಬಾಯಿಪಾಠವಾಗಿತ್ತು. ಎಲ್ಲಿ ಬ್ರೇಕ್ ಒತ್ತಬೇಕು, ಎಲ್ಲಿ ಎರಡನೇ ಗೇರಿಗೆ ಬರಬೇಕು, ಯಾವ ತಿರುವಿನ ಒಳಬದಿಯಲ್ಲಿ ಚರಂಡಿ ಇದೆ, ಎಲ್ಲವೂ ಗೊತ್ತು. ಕಣ್ಣು ಮುಚ್ಚಿದರೂ ಹೇಳುತ್ತಿದ್ದೆ. ಆದರೆ ಆ ರಸ್ತೆಯಲ್ಲಿ ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಟೇಬಲ್ಲಿಗೆ ಬಿಗಿದ ಒಂದು ಸ್ಟೀರಿಂಗು, ಕಾಲ ಕೆಳಗೆ ಮೂರು ಪೆಡಲು, ಎದುರಿಗೆ ಮಾನಿಟರು. ರಾತ್ರಿ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾನು ಹೋಗುತ್ತಿದ್ದ ಊರು ಅದು: ಗುನ್ಮಾ ಪ್ರಾಂತ್ಯದ ಹರುನಾ ಬೆಟ್ಟ.

ಕಾರ್ ಗೇಮ್ ಆಡುವವರಿಗೆ ಈ ಬೆಟ್ಟ ‘ಅಕಿನಾ’ ಅಂದರೆ ಬೇಗ ಗೊತ್ತಾಗುತ್ತದೆ. ಶುಯಿಚಿ ಶಿಗೆನೋ 1995ರಿಂದ 2013ರವರೆಗೆ ಬರೆದ ‘ಇನಿಷಿಯಲ್ ಡಿ’ ಮಾಂಗಾದಲ್ಲಿ ಹರುನಾಕ್ಕೆ ಕೊಟ್ಟ ಕಲ್ಪಿತ ಹೆಸರು ಅಕಿನಾ. ಕಥೆಯ ಹುಡುಗ ತಕುಮಿ ಬೆಳಗಿನ ಜಾವ ಅಪ್ಪನ ಹಳೇ ಟೊಯೋಟಾ ಕಾರಿನಲ್ಲಿ ಬೆಟ್ಟದ ಮೇಲಿನ ಹೋಟೆಲುಗಳಿಗೆ ತೋಫು ತಲುಪಿಸುತ್ತಾನೆ. ತೋಫು ಮುರಿಯಬಾರದು. ಅದಕ್ಕೆ ಅಪ್ಪ ಒಂದು ಲೋಟದಲ್ಲಿ ನೀರು ತುಂಬಿಸಿ ಕಾರಿನಲ್ಲಿ ಇಡುತ್ತಾನೆ. ಅದು ಚೆಲ್ಲದ ಹಾಗೆ ಹೋಗಿ ಬರಬೇಕು. ಹಾಗೆ ಓಡಿಸಿ ಓಡಿಸಿಯೇ ಹುಡುಗ ಆ ಬೆಟ್ಟ ಇಳಿಯುವುದರಲ್ಲಿ ಎಲ್ಲರನ್ನೂ ಮೀರಿಸುತ್ತಾನೆ.

ಈ ಕಥೆ ನನಗೆ ಯಾಕೆ ಅಷ್ಟು ಹಿಡಿಸಿತು ಅಂತ ಬಹಳ ದಿನ ಯೋಚನೆ ಮಾಡಿರಲಿಲ್ಲ. ನಮ್ಮೂರು ತೀರ್ಥಹಳ್ಳಿ ಹತ್ತಿರ. ನಮ್ಮಪ್ಪ 28 ವರ್ಷ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಓಡಿಸಿದವರು.

ಗ್ರಿಪ್ ಅಂದರೆ ಏನು, ಡ್ರಿಫ್ಟ್ ಅಂದರೆ ಏನು

ಗೇಮ್ ಆಡದವರಿಗೂ ಅರ್ಥವಾಗಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಿನ ಟೈರು ರಸ್ತೆಯನ್ನು ಹಿಡಿಯುವ ಜಾಗ ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟೇ. ನಾಲ್ಕು ಅಂಗೈ, ಅಷ್ಟೇ ಬಂಡವಾಳ. ಆ ಬಂಡವಾಳವನ್ನು ಬ್ರೇಕಿಗೆ ಖರ್ಚು ಮಾಡಬಹುದು, ತಿರುಗಿಸುವುದಕ್ಕೆ ಖರ್ಚು ಮಾಡಬಹುದು, ಎರಡಕ್ಕೂ ಹಂಚಬಹುದು. ಆದರೆ ಇರುವುದಕ್ಕಿಂತ ಜಾಸ್ತಿ ಕೇಳಿದರೆ ಟೈರು ಕೈ ಬಿಡುತ್ತದೆ. ಮುಂದಿನ ಟೈರು ಕೈ ಬಿಟ್ಟರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ, ಅದು ಅಂಡರ್‌ಸ್ಟೀರ್. ಹಿಂದಿನ ಟೈರು ಕೈ ಬಿಟ್ಟರೆ ಕಾರಿನ ಹಿಂಭಾಗ ಹೊರಗೆ ಬೀಸುತ್ತದೆ, ಅದು ಓವರ್‌ಸ್ಟೀರ್.

ಯಾವ ಟೈರೂ ಕೈ ಬಿಡದ ಹಾಗೆ, ಆದರೆ ಬಿಡುವುದಕ್ಕೆ ಒಂದು ಕೂದಲೆಳೆ ಮುಂಚಿನವರೆಗೂ ಎಳೆದು ಓಡಿಸುವುದು ಗ್ರಿಪ್. ಹಿಂದಿನ ಟೈರನ್ನು ಬೇಕೆಂದೇ ಜಾರಿಸಿ, ಜಾರುವಾಗಲೇ ಸ್ಟೀರಿಂಗನ್ನು ಎದುರು ದಿಕ್ಕಿಗೆ ಹಿಡಿದು, ಆಕ್ಸಿಲರೇಟರಿನಲ್ಲಿ ಕಾರನ್ನು ನಿಭಾಯಿಸುವುದು ಡ್ರಿಫ್ಟ್. 1970ರ ದಶಕದಲ್ಲಿ ಜಪಾನಿನ ರೇಸರ್ ಕುನಿಮಿತ್ಸು ತಕಹಾಶಿ ಟ್ರ್ಯಾಕಿನಲ್ಲಿ ಹೀಗೆ ಜಾರಿಸಿ ಹೆಸರು ಮಾಡಿದರು. ಅವರನ್ನು ನೋಡಿ ಬೆಳೆದ ಕೇಯಿಚಿ ತ್ಸುಚಿಯಾ ಇದನ್ನು ಬೆಟ್ಟದ ರಸ್ತೆಗೆ ತಂದು ‘ಡ್ರಿಫ್ಟ್ ಕಿಂಗ್’ ಅನ್ನಿಸಿಕೊಂಡರು. ‘ಇನಿಷಿಯಲ್ ಡಿ’ ಅನಿಮೆಗೆ ಸಲಹೆಗಾರರೂ ಅವರೇ. ಅವರ ಕಾರೂ ತಕುಮಿಯ ಕಾರೂ ಒಂದೇ ಜಾತಿ: 1983ರಿಂದ 1987ರವರೆಗೆ ಬಂದ ಟೊಯೋಟಾ ಎಇ86. 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಹಿಂದಿನ ಚಕ್ರಕ್ಕೆ ಶಕ್ತಿ.

ನಾನು ಆಡುತ್ತಿದ್ದದ್ದು ‘ಅಸೆಟ್ಟೊ ಕೊರ್ಸಾ’. ಇಟಲಿಯವರು ಮಾಡಿದ ಗೇಮ್. ಅದಕ್ಕೆ ಅಭಿಮಾನಿಗಳೇ ಹರುನಾದ ರಸ್ತೆಯನ್ನು ಮಾಡಿ ಸೇರಿಸಿದ್ದಾರೆ. ಇದರಲ್ಲಿ ಕಾರು ಆರಿಸಿ ಓಡಿಸುವುದು ಅರ್ಧ ಕೆಲಸ, ಇನ್ನರ್ಧ ಸೆಟಪ್. ನನಗೆ ಹುಚ್ಚು ಹಿಡಿಸಿದ್ದೇ ಆ ಇನ್ನರ್ಧ.

ಗ್ರಿಪ್‌ಗೆ ನನ್ನ ಸೆಟಪ್ ಹೀಗಿತ್ತು. ಮುಂದಿನ ಚಕ್ರದ ಕ್ಯಾಂಬರ್ ಮೈನಸ್ 3 ಡಿಗ್ರಿ, ಹಿಂದೆ ಮೈನಸ್ 2. ಅಂದರೆ ಚಕ್ರದ ತಲೆ ಒಳಕ್ಕೆ ವಾಲಿರುತ್ತದೆ. ತಿರುವಿನಲ್ಲಿ ಕಾರು ಹೊರಕ್ಕೆ ಬಾಗಿದಾಗ ಟೈರು ಸಮತಟ್ಟಾಗಿ ಕೂರುತ್ತದೆ. ಹಿಂದಿನ ಚಕ್ರಗಳಿಗೆ ಸ್ವಲ್ಪ ಟೋ-ಇನ್, ಹಿಂಭಾಗ ನೆಟ್ಟಗಿರಲಿ ಅಂತ. ಇಳಿಜಾರಲ್ಲಿ ಬ್ರೇಕ್ ಹಿಡಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ. ಹಾಗಾಗಿ ಬ್ರೇಕಿನ ಪಾಲು ಮುಂದಕ್ಕೆ ಜಾಸ್ತಿ ಕೊಡಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಗಿರಗಿಟ್ಲೆ.

ಡ್ರಿಫ್ಟ್‌ಗೆ ಬಂದರೆ ಇದೇ ಲೆಕ್ಕ ತಲೆಕೆಳಗು. ಮುಂದೆ ಕ್ಯಾಂಬರ್ ಮೈನಸ್ 5ರವರೆಗೆ, ಯಾಕೆಂದರೆ ಜಾರುವಾಗ ಮುಂದಿನ ಚಕ್ರ ಎದುರು ದಿಕ್ಕಿಗೆ ತಿರುಗಿರುತ್ತದೆ, ಅಲ್ಲಿ ಹಿಡಿತ ಬೇಕು. ಹಿಂದೆ ಸೊನ್ನೆಯ ಹತ್ತಿರ, ಆಕ್ಸಿಲರೇಟರ್ ಒತ್ತಿದಾಗ ಟೈರು ಪೂರ್ತಿ ನೆಲಕ್ಕೆ ಕೂತು ತಳ್ಳಬೇಕು. ಹಿಂದಿನ ಆಂಟಿ-ರೋಲ್ ಬಾರ್ ಗಟ್ಟಿ ಮಾಡಿದರೆ ಹಿಂಭಾಗ ಬೇಗ ಸಡಿಲವಾಗುತ್ತದೆ. ಡಿಫರೆನ್ಷಿಯಲ್ ಅನ್ನು ಹೆಚ್ಚುಕಡಿಮೆ ಪೂರ್ತಿ ಲಾಕ್ ಮಾಡಬೇಕು, ಎರಡೂ ಹಿಂಚಕ್ರ ಒಟ್ಟಿಗೆ ತಿರುಗಲಿ ಅಂತ. ಎಇ86ಕ್ಕೆ ದೊಡ್ಡ ಕಾರುಗಳ ಶಕ್ತಿ ಇಲ್ಲ. ಬರೀ ಆಕ್ಸಿಲರೇಟರ್ ತುಳಿದು ಜಾರಿಸಲು ಆಗುವುದಿಲ್ಲ. ಹಾಗಾಗಿ ಫೈನಲ್ ಗೇರ್ ಸಣ್ಣದು ಮಾಡಿ, ಎರಡನೇ ಗೇರಿನಲ್ಲಿ ಎಂಜಿನ್ 6,000 ಆರ್‌ಪಿಎಂ ಮೇಲೆಯೇ ಕೂಗುತ್ತಿರುವ ಹಾಗೆ ನೋಡಿಕೊಳ್ಳಬೇಕು. ತಿರುವಿಗೆ ಮೊದಲು ಸ್ಟೀರಿಂಗನ್ನು ಒಮ್ಮೆ ಎದುರು ದಿಕ್ಕಿಗೆ ಎಳೆದು ವಾಪಸ್ ಬಿಟ್ಟರೆ ಕಾರಿನ ಭಾರವೇ ಹಿಂಭಾಗವನ್ನು ಬೀಸುತ್ತದೆ.

ಒಂದೇ ಒಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಸಂಗತಿ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು, ಯಾವುದರಿಂದ ಹಾಳಾಯ್ತು ಗೊತ್ತಾಗಲ್ಲ. ಕೋಡ್ ಬರೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾನು ಎಕ್ಸೆಲ್ ಶೀಟ್ ಇಟ್ಟುಕೊಂಡಿದ್ದೆ. ಅದರಲ್ಲಿ ಗೊತ್ತಾದ ಸತ್ಯ: ನೋಡೋಕೆ ಚಂದ ಡ್ರಿಫ್ಟ್, ಆದರೆ ಸಮಯ ಕಡಿಮೆ ಬಂದದ್ದು ಯಾವಾಗಲೂ ಗ್ರಿಪ್‌ನಲ್ಲೇ. ಜಾರುವ ಟೈರು ವೇಗವನ್ನು ತಿನ್ನುತ್ತದೆ.

ರಜೆಗೆ ಊರಿಗೆ ಹೋದಾಗ ಅಪ್ಪ ಫೋನಿನಲ್ಲಿ ನನ್ನ ಓಟದ ವಿಡಿಯೋ ನೋಡಿ, “ಎಂತಾ ಮಾರಾಯ, ಟೈರು ಯಾರಪ್ಪಂದು?” ಅಂದಿದ್ದರು.

ಆ ದಿನ

ಮೂರು ವರ್ಷದ ಹಿಂದೆ, ಜೂನ್ ತಿಂಗಳು. ಉಡುಪಿಯಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶ. ನಾನು ಹೊಸದಾಗಿ ತಗೊಂಡ ಕಾರಿನಲ್ಲಿ ಅಪ್ಪ ಮುಂದೆ, ಅಮ್ಮ ಹಿಂದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸಣ್ಣ ಮಳೆ. ಅಪ್ಪ ಎರಡು ಸಲ “ನಿಧಾನ” ಅಂದರು. ನಾನು “ಗೊತ್ತಪ್ಪ” ಅಂದೆ.

ಏಳನೇ ತಿರುವಿಗೆ ಜಾಸ್ತಿ ವೇಗದಲ್ಲಿ ಬಂದೆ. ತಿರುಗಿಸಿಕೊಂಡೇ ಬ್ರೇಕ್ ಒತ್ತಿದೆ. ಬಲಕ್ಕೆ ತಿರುಗಬೇಕಿದ್ದ ಕಾರು ನೇರ ಹೋಯಿತು. ಆ ಒಂದು ಕ್ಷಣದಲ್ಲಿ ನನ್ನ ತಲೆಗೆ ಬಂದ ಪದ ಇನ್ನೂ ನೆನಪಿದೆ: ಅಂಡರ್‌ಸ್ಟೀರ್. ಹೆಸರು ಗೊತ್ತಿತ್ತು, ಕಾರಣ ಗೊತ್ತಿತ್ತು, ಎಕ್ಸೆಲ್‌ನಲ್ಲಿ ಅದಕ್ಕೊಂದು ಕಾಲಂ ಇತ್ತು. ಕಾರು ಎಡಗಡೆಯ ತಡೆಗೋಡೆಗೆ ಬಡಿದು ನಿಂತಿತು. ಗೋಡೆಯ ಆಚೆಗೆ ಬರೀ ಮಂಜು. ಅಮ್ಮ ಮುಂದಿನ ಸೀಟಿಗೆ ಕೈ ಊರಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು.

ಅಪ್ಪ ಬಯ್ಯಲಿಲ್ಲ. ಅದೇ ಕಷ್ಟವಾದದ್ದು. ಕೆಳಗಿಳಿದು ಹಿಂದೆ ಬರುವ ಗಾಡಿಗಳಿಗೆ ಗೊತ್ತಾಗಲಿ ಅಂತ ರಸ್ತೆ ಮೇಲೆ ಸೊಪ್ಪಿನ ಕೊಂಬೆ ಇಟ್ಟರು. ಘಾಟಿ ಹತ್ತಿ ಬಂದ ಅವರ ಹಳೇ ಬಸ್ಸೇ ನಿಂತಿತು. ಡ್ರೈವರ್ ಇಳಿದು “ಏನಾಯ್ತು ಭಟ್ರೇ?” ಅಂದ. ಅಪ್ಪ, “ಮಳೆ ಅಲ್ವಾ, ಜಾರ್ತು” ಅಂದರು. ಮಗ ಓಡಿಸ್ತಿದ್ದ ಅನ್ನಲಿಲ್ಲ. ಆ ಮೇಲೆ ಮೂರು ವರ್ಷ ನಾನು ಊರಿಗೆ ಹೋದಾಗೆಲ್ಲ ಘಾಟಿ ಇಳಿಯಬೇಕಾದರೆ ಅಪ್ಪ ಮಾತಿಲ್ಲದೆ ಕೀ ತಗೊಳ್ಳುತ್ತಿದ್ದರು. ನಾನೂ ಮಾತಿಲ್ಲದೆ ಕೊಡುತ್ತಿದ್ದೆ.

ಬಸ್ಸಿನಲ್ಲಿ ಹರುನಾ

ಕಳೆದ ಅಕ್ಟೋಬರಿನಲ್ಲಿ ಆಫೀಸಿನ ಕೆಲಸಕ್ಕೆ ಎರಡು ವಾರ ಟೋಕಿಯೋಗೆ ಹೋಗಿದ್ದೆ. ಹೊರಡುವ ಮೊದಲು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದ್ದೆ. ಶನಿವಾರ ಒಂದು ಕಾರು ಬಾಡಿಗೆಗೆ ತಗೊಂಡು ಹರುನಾ ಇಳಿಯಬೇಕು ಅನ್ನುವುದು ಪ್ಲಾನು. ಅಲ್ಲೂ ನಮ್ಮ ಹಾಗೇ ಎಡಬದಿ ಸಂಚಾರ, ತೊಂದರೆ ಏನಿಲ್ಲ. ಶುಕ್ರವಾರ ರಾತ್ರಿ ಬುಕಿಂಗ್ ಪೇಜ್ ತೆರೆದು ಕೂತೆ. ಬೆರಳು ಮುಂದೆ ಹೋಗಲಿಲ್ಲ. ಮುಚ್ಚಿಟ್ಟು ಮಲಗಿದೆ.

ಬೆಳಗ್ಗೆ ಶಿಂಕಾನ್ಸೆನ್ ಹತ್ತಿದರೆ ಒಂದು ಗಂಟೆಯೊಳಗೆ ತಕಸಾಕಿ. ಅಲ್ಲಿಂದ ಲೋಕಲ್ ರೈಲಿನಲ್ಲಿ ಶಿಬುಕಾವಾ. ಊರೊಳಗೆ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ‘ಇನಿಷಿಯಲ್ ಡಿ’ ಚಿತ್ರಗಳಿವೆ. ಅಲ್ಲಿಂದ ಬಸ್ಸಿನಲ್ಲಿ ಇಕಾಹೋ, ಬಿಸಿನೀರಿನ ಬುಗ್ಗೆಗಳ ಊರು. ಊರಿನ ನಡುವೆ 365 ಕಲ್ಲಿನ ಮೆಟ್ಟಿಲು, ಎರಡೂ ಬದಿ ಅಂಗಡಿ, ಹಳೇ ಹೋಟೆಲು.  ಒಂದು ಅಂಗಡಿಯಲ್ಲಿ ಹಬೆಯಾಡುವ ಕಂದು ಬಣ್ಣದ ಮಂಜು ತಗೊಂಡೆ. ಮಂಜು ಅಂದರೆ ಅಲ್ಲಿನ ಸಿಹಿ, ಒಳಗೆ ಅರೆದ ಕಾಳಿನ ಹೂರಣ. ಕಣ್ಣು ಮುಚ್ಚಿ ತಿಂದರೆ ನಮ್ಮ ಹೋಳಿಗೆಯ ದೂರದ ನೆಂಟ.

ಇಕಾಹೋದಿಂದ ಹರುನಾ ಕೆರೆಗೆ ಹೋಗುವ ಬಸ್ಸಿನಲ್ಲಿ ಬೇಕೆಂದೇ ಡ್ರೈವರಿನ ಹಿಂದಿನ ಸೀಟು ಹಿಡಿದೆ. ಅರವತ್ತರ ಆಸುಪಾಸಿನ ಮನುಷ್ಯ. ಬಿಳಿ ಗ್ಲೌಸು, ಟೋಪಿ. ಹೊರಡುವ ಮೊದಲು ಕನ್ನಡಿ ನೋಡಿ, ಎಡ ನೋಡಿ, ಬಲ ನೋಡಿ, ಬಾಯಲ್ಲಿ ಏನೋ ಗೊಣಗಿಕೊಂಡು ಬಸ್ಸು ಎತ್ತಿದರು.

ಮೊದಲ ಹೇರ್‌ಪಿನ್ ಬಂದಾಗ ಎದೆ ಹೊಡೆದುಕೊಂಡಿತು. ಗೇಮಿನಲ್ಲಿ ಸಾವಿರ ಸಲ ನೋಡಿದ ತಿರುವು. ಐದು ಹೇರ್‌ಪಿನ್ ಒಂದರ ಹಿಂದೆ ಒಂದು. ಇಳಿಯುವಾಗ ಯಾವುದು ಎಷ್ಟನೆಯದು ಅಂತ ನಾನು ಎಣಿಸುತ್ತಿದ್ದೆ, ಈಗ ಹತ್ತುವಾಗ ಉಲ್ಟಾ ಎಣಿಸಿದೆ. ಆದರೆ ಗೇಮಿನಲ್ಲಿ ಇರದ ಎಷ್ಟೊಂದು ಸಂಗತಿ! ಇಳಿಜಾರು ಇಷ್ಟು ಕಡಿದು ಅಂತ ಮಾನಿಟರು ಹೇಳಿರಲಿಲ್ಲ. ಒಳಬದಿಯಲ್ಲಿ ಒದ್ದೆ ಎಲೆಯ ರಾಶಿ. ತಕುಮಿ ಚಕ್ರವನ್ನು ಇಳಿಸಿ ತಿರುಗುತ್ತಿದ್ದ ಆ ಚರಂಡಿಯ ಜಾತಿಯದ್ದೇ ಒಂದು ಸಿಮೆಂಟಿನ ಚರಂಡಿ, ಅದರ ತುಂಬ ಎಲೆ, ಪಾಚಿ. ಅದರಲ್ಲಿ ಚಕ್ರ ಇಳಿಸುವ ಯೋಚನೆಗೇ ನಗು ಬಂತು. ಎದುರಿಗೆ ಸೈಕಲ್ ತುಳಿಯುತ್ತ ಬಂದ ಅಜ್ಜ. ಒಂದು ತಿರುವಿನ ಆಚೆ ಮಕ್ಕಳನ್ನು ಕೂರಿಸಿಕೊಂಡ ಸಣ್ಣ ಕಾರು. ಜೋರಾಗಿ ಬರುವವರನ್ನು ತಡೆಯಲು ರಸ್ತೆ ಮೇಲೆ ಅಲ್ಲಲ್ಲಿ ಉಬ್ಬುಗೆರೆ. ನನ್ನ ಗೇಮಿನ ಹರುನಾದಲ್ಲಿ ಎದುರಿಗೆ ಯಾರೂ ಬರುವುದಿಲ್ಲ. ಇಲ್ಲಿ ಜನ ಇದ್ದರು.

ಆಮೇಲೆ ನಾನು ರಸ್ತೆ ನೋಡುವುದು ಬಿಟ್ಟು ಡ್ರೈವರನ್ನೇ ನೋಡಿದೆ. ತಿರುವು ಬರುವ ಎಷ್ಟೋ ಮೊದಲೇ ಬ್ರೇಕ್ ಮುಗಿಸುತ್ತಿದ್ದರು. ಗೇರ್ ಇಳಿಸಿದ್ದೂ ಮೊದಲೇ. ತಿರುವಿನಲ್ಲಿ ಬರೀ ಸ್ಟೀರಿಂಗು, ಒಂದೇ ಗತಿಯಲ್ಲಿ. ಹೊರಗೆ ಬರುವಾಗ ಮೆಲ್ಲಗೆ ಆಕ್ಸಿಲರೇಟರು. ನಾಲ್ಕು ಅಂಗೈಯ ಬಂಡವಾಳದಲ್ಲಿ ಬ್ರೇಕಿನ ಖರ್ಚು ಮುಗಿದ ಮೇಲೆ ತಿರುಗಿಸುವ ಖರ್ಚು ಶುರು. ಎರಡೂ ಒಟ್ಟಿಗೆ ಯಾವತ್ತೂ ಇಲ್ಲ. ಗ್ರಿಪ್ ಡ್ರೈವಿಂಗಿನ ಮೊದಲ ಪಾಠ ಇದೇ. ನಾನು ಅದನ್ನು ಬರೆದಿಟ್ಟುಕೊಂಡಿದ್ದೆ, ಇವರು ಅದನ್ನು ಮಾಡುತ್ತಿದ್ದರು.

ನನಗೆ ಅಪ್ಪ ನೆನಪಾದರು. ಚಿಕ್ಕವನಿದ್ದಾಗ ಅವರ ಬಸ್ಸಿನಲ್ಲಿ ಎಂಜಿನ್ ಬಾಕ್ಸ್ ಪಕ್ಕ ಕೂತು ಘಾಟಿ ಇಳಿಯುತ್ತಿದ್ದೆ. ಅಪ್ಪನ ಲೆಕ್ಕ ಎರಡೇ. ಒಂದು, ಟಿಕೆಟ್ ಹರಿಯುವ ಕಂಡಕ್ಟರ್ ತಿರುವಿನಲ್ಲಿ ಕಂಬಿ ಹಿಡಿಯಬಾರದು. ಎರಡು, ಸೋಮೇಶ್ವರ ಮುಟ್ಟುವವರೆಗೆ ಯಾರೂ ವಾಂತಿ ಮಾಡಬಾರದು. “ನನ್ ಗಾಡೀಲಿ ಇವತ್ತು ಒಬ್ಬರೂ ವಾಂತಿ ಮಾಡ್ಲಿಲ್ಲ” ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದರು, ಬೇರೆಯವರು ಪ್ರಮೋಷನ್ ಬಗ್ಗೆ ಹೇಳುವ ಹಾಗೆ. ತಕುಮಿಯ ಅಪ್ಪ ಕಾರಿನಲ್ಲಿಟ್ಟ ನೀರಿನ ಲೋಟಕ್ಕೆ ಬೆರಗಾಗಿ ನಾನು ಹದಿನೆಂಟು ಸಂಚಿಕೆ ನೋಡಿದ್ದೆ. ನಮ್ಮನೆಯ ಲೋಟ ಕಣ್ಣಿಗೆ ಬಿದ್ದಿರಲಿಲ್ಲ.

ಮೇಲೆ, ಕೆರೆ

ತಿರುವುಗಳು ಮುಗಿದು ಯಾಸೆಓನೆ ಕಣಿವೆಯ ತುದಿ ದಾಟಿದರೆ ಇದ್ದಕ್ಕಿದ್ದ ಹಾಗೆ ಬಯಲು. ಹುಲ್ಲು, ನೇರ ರಸ್ತೆ, ಎದುರಿಗೆ ಬಾಣಲೆ ಬೋರಲು ಹಾಕಿದಂಥ ಹರುನಾ-ಫುಜಿ ಶಿಖರ. ಹರುನಾ ಒಂದು ಜ್ವಾಲಾಮುಖಿ. ಕೆರೆ ಇರುವುದು ಅದರ ಬಾಯಿಯೊಳಗೆ, ಸುಮಾರು 1,100 ಮೀಟರ್ ಎತ್ತರದಲ್ಲಿ.

ಕೆರೆಯ ಹತ್ತಿರದ ರಸ್ತೆಯಲ್ಲಿ ಒಂದು ಚಂದದ ಕೆಲಸ ಮಾಡಿದ್ದಾರೆ. ಡಾಂಬರಿನ ಮೇಲೆ ಅಡ್ಡಲಾಗಿ ಸಣ್ಣ ಸಣ್ಣ ಗೆರೆ ಕೊರೆದಿದ್ದಾರೆ. ಚಕ್ರ ಅದರ ಮೇಲೆ ಹೋದಾಗ ಒಂದು ರಾಗ ಕೇಳುತ್ತದೆ. ಗೆರೆ ಹತ್ತಿರ ಹತ್ತಿರ ಇದ್ದರೆ ಸ್ವರ ಮೇಲೆ, ದೂರ ಇದ್ದರೆ ಕೆಳಗೆ. ನಿಗದಿತ ವೇಗದಲ್ಲಿ ಹೋದರೆ ಮಾತ್ರ ರಾಗ ಸರಿ. ಜೋರಾಗಿ ಹೋದರೆ ಕೀಚಲು. ಬಸ್ಸಿನಲ್ಲಿ ಯಾರೋ ಅಜ್ಜಿ ಅದರ ಜೊತೆ ಮೆಲ್ಲಗೆ ಗುನುಗಿದರು. ಡ್ರಿಫ್ಟಿಗೆ ಲೋಕಪ್ರಸಿದ್ಧವಾದ ಬೆಟ್ಟದ ತಲೆಯ ಮೇಲೆ, ಮಿತಿಯಲ್ಲಿ ಹೋದವರಿಗೆ ಮಾತ್ರ ಹಾಡುವ ರಸ್ತೆ!

ದಡದಲ್ಲಿ ಹಂಸದ ಆಕಾರದ ದೋಣಿಗಳು. ಪಾರ್ಕಿಂಗಿನಲ್ಲಿ ಒಂದು ಕಪ್ಪು-ಬಿಳಿ ಎಇ86 ನಿಂತಿತ್ತು. ಮಾಲೀಕ ನನ್ನ ವಯಸ್ಸಿನವನೇ. ಫೋನಿನ ಅನುವಾದದಲ್ಲಿ ಮಾತಾಡಿದೆವು. ಬಗ್ಗಿ ನೋಡಿದೆ, ಮುಂದಿನ ಚಕ್ರದ ಕ್ಯಾಂಬರ್ ಹೆಚ್ಚೇನಿಲ್ಲ. ಇಲ್ಲಿ ಡ್ರಿಫ್ಟ್ ಮಾಡ್ತೀಯಾ ಅಂತ ಕೇಳಿದೆ. ಅವನು ಜೋರಾಗಿ ತಲೆ ಅಲ್ಲಾಡಿಸಿ ನಕ್ಕ. ಫೋನು ಹೇಳಿತು: “ಅದಕ್ಕೆ ಸರ್ಕ್ಯೂಟ್ ಇದೆ. ಇಲ್ಲಿಗೆ ಹೆಂಡತಿ ಜೊತೆ ಊಟಕ್ಕೆ ಬರುತ್ತೇನೆ.”

ಕೆರೆ ದಂಡೆಯಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಬೆಟ್ಟ ತೋರಿಸಿದೆ, ಬಸ್ಸು ತೋರಿಸಿದೆ.

“ಕಾರ್ ತಗಳ್ಲಿಲ್ವ?” ಅಂದರು.

“ಇಲ್ಲಪ್ಪ. ಬಸ್ಸಲ್ಲೇ ಬಂದೆ. ಡ್ರೈವರ್ ಥೇಟ್ ನಿನ್ ಹಾಗೇ ಓಡಿಸ್ತಾರೆ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಇಳಿಯುವಾಗ ಎಷ್ಟನೇ ಗೇರ್ ಹಾಕ್ತಾರೆ, ನೋಡ್ಕಂಡು ಬಾ” ಅಂದರು.

ಇಳಿಯುವಾಗ ನೋಡಿದೆ. ಹೇರ್‌ಪಿನ್‌ಗಳಲ್ಲಿ ಎರಡನೇ ಗೇರು, ಎಂಜಿನ್ನೇ ಬಸ್ಸನ್ನು ಹಿಡಿದಿತ್ತು.

ಸೆಟಪ್ ಬದಲು

ದೀಪಾವಳಿಗೆ ಊರಿಗೆ ಹೋಗುವಾಗ ಸ್ಟೀರಿಂಗ್, ಪೆಡಲ್ ಎಲ್ಲ ಕಟ್ಟಿಕೊಂಡು ಹೋದೆ. ಜಗಲಿಯಲ್ಲಿ ಊಟದ ಮೇಜಿಗೆ ಬಿಗಿದು ಅಪ್ಪನನ್ನು ಕೂರಿಸಿದೆ. ಗ್ರಿಪ್ ಸೆಟಪ್ ಹಾಕಿಕೊಟ್ಟೆ. ಮೊದಲ ತಿರುವಿಗೇ ಬೇಲಿಗೆ ಗುದ್ದಿದರು. “ಸೀಟಿಗೆ ಎಂತದೂ ಗೊತ್ತಾಗಲ್ವಲ್ಲ ಇದ್ರಲ್ಲಿ” ಅಂದರು. ಅದು ಸರಿಯಾದ ಮಾತು. ಗೇಮಿನಲ್ಲಿ ಕಾರು ಜಾರುವುದು ಕಣ್ಣಿಗೆ, ಕಿವಿಗೆ, ಕೈಗೆ ಗೊತ್ತಾಗುತ್ತದೆ; ನಿಜವಾದ ಗಾಡಿಯಲ್ಲಿ ಅದು ಮೊದಲು ಗೊತ್ತಾಗುವುದು ಸೊಂಟಕ್ಕೆ. ಐದನೇ ಪ್ರಯತ್ನಕ್ಕೆ ಬೆಟ್ಟ ಪೂರ್ತಿ ಇಳಿದರು. ಸಮಯ ನನ್ನದರ ಎರಡರಷ್ಟು. ಒಂದು ಕಡೆಯೂ ಟೈರು ಕಿರುಚಲಿಲ್ಲ.

ಆಮೇಲೆ ನನ್ನನ್ನು ಕೂರಿಸಿ ಹಿಂದೆ ನಿಂತರು. “ಬ್ರೇಕ್ ಮುಗ್ಸಿ ತಿರ್ಗಿಸು. ಮುಗ್ಸು. ಈಗ ತಿರ್ಗಿಸು.” ಮೂರು ವರ್ಷದಲ್ಲಿ ಡ್ರೈವಿಂಗ್ ಬಗ್ಗೆ ಅಪ್ಪ ನನಗೆ ಹೇಳಿದ ಮೊದಲ ಮಾತು ಅದು. ಹಾಗೇ ಮಾಡಿದೆ. ನನ್ನ ಹಳೆಯ ಬೆಸ್ಟ್ ಟೈಮಿಗಿಂತ ಎರಡು ಸೆಕೆಂಡ್ ಕಡಿಮೆ ಬಂತು. ಕ್ಯಾಂಬರ್, ಟೋ ಯಾವುದನ್ನೂ ಮುಟ್ಟಿರಲಿಲ್ಲ.

ಮರುದಿನ ಉಡುಪಿಗೆ ಹೊರಟೆವು. ಆಗುಂಬೆಯಲ್ಲಿ ಟೀ ಕುಡಿದು ಕಾರಿನ ಹತ್ತಿರ ಬಂದಾಗ ಅಭ್ಯಾಸದಂತೆ ಕೀ ಚಾಚಿದೆ. ಅಪ್ಪ ತಗೊಳ್ಳಲಿಲ್ಲ. ಎಡಬದಿಯ ಬಾಗಿಲು ತೆಗೆದು ಕೂತು ಬೆಲ್ಟ್ ಹಾಕಿಕೊಂಡರು. ಅಮ್ಮ ಹಿಂದೆ ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

ಎರಡನೇ ಗೇರು. ಬ್ರೇಕು ಮುಗಿಸಿ ತಿರುವು. ಏಳನೆಯದರಲ್ಲಿ ತಡೆಗೋಡೆಯ ಮೇಲೆ ಹೊಸ ಸಿಮೆಂಟಿನ ತೇಪೆ ಕಾಣಿಸಿತು. ಮೂವರಲ್ಲಿ ಯಾರೂ ಏನೂ ಅನ್ನಲಿಲ್ಲ. ಹದಿನಾಲ್ಕೂ ಮುಗಿದು ಸೋಮೇಶ್ವರದ ಸಮತಟ್ಟು ಬಂದಾಗ ಅಮ್ಮ ಕಣ್ಣು ಬಿಟ್ಟು, “ಘಾಟಿ ಇನ್ನೂ ಶುರುವಾಗ್ಲಿಲ್ವೇನೋ?” ಅಂದರು. ನಿದ್ದೆ ಹತ್ತಿತ್ತಂತೆ.

ನಾನು ಅಪ್ಪನ ಕಡೆ ನೋಡಿದೆ. ಅವರು ಕಿಟಕಿಯ ಹೊರಗೇ ನೋಡುತ್ತ, “ಒಂಬತ್ತನೇದ್ರಲ್ಲಿ ಬ್ರೇಕ್ ಸ್ವಲ್ಪ ಲೇಟಾಯ್ತು” ಅಂದರು.